ಹದಿನಾಲ್ಕರಿಂದ ಆರಕ್ಕೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಆಸ್ಪತ್ರೆಯ ಅಧೀಕ್ಷಕರೇ, ವಿಚಾರಣಾ ಸಮಿತಿಯಲ್ಲಿದ್ದು ಇಂದು ಅತಿಥಿಗಳಾಗಿ ವೇದಿಕೆಯ ಮೇಲೆ ಕೂತಿರುವ ಮೂವರು ಮಹನೀಯರೇ, ಇಂದು ಈ ಆಸ್ಪತ್ರೆಯನ್ನು ಬಿಟ್ಟು ಹೋಗುತ್ತಿರುವ, ನಾವೆಲ್ಲ ಗಾಳಿ ಅಕ್ಕ ಎಂದು ಕರೆಯುವ ನಮ್ಮ ತಂತ್ರಜ್ಞೆಯವರೇ, ದಾದಿಯರೇ, ನನ್ನ ಹಾಗೆಯೇ ಮೂಗಿಗೆ ಪೈಪು ಕಟ್ಟಿಕೊಂಡು ಮಲಗುವ ಜೊತೆ ರೋಗಿಗಳೇ, ಎರಡನೆಯ ಸಾಲಿನಲ್ಲಿ ಕೂತಿರುವ ನನ್ನ ಅತ್ತಿಗೆಯವರೇ, ಮತ್ತು ಸಭಿಕರೇ,

ರೋಗಿಗಳ ಪರವಾಗಿ ಐದು ನಿಮಿಷ ಮಾತನಾಡಬೇಕೆಂದು ಮೊನ್ನೆ ಕಚೇರಿಯ ಗುಮಾಸ್ತರು ಫೋನ್ ಮಾಡಿದ್ದರು. "ನೀವು ಓದ್ಕೊಂಡೋರು ಸರ್. ನಾಲ್ಕು ಒಳ್ಳೆ ಮಾತು ಹೇಳಿ ಮುಗಿಸ್ಬಿಡಿ, ಆಮೇಲೆ ಟೀ ಇದೆ" ಎಂದರು. ನಾನು ನಲವತ್ತೊಂದು ವರ್ಷ ಅಚ್ಚಿನ ಮನೆಯೊಂದರಲ್ಲಿ ಪ್ರೂಫ್ ತಿದ್ದಿದವನು. ಐದು ನಿಮಿಷಕ್ಕೆ ಎಷ್ಟು ಪುಟ ಎಂಬುದು ನನಗೆ ಗೊತ್ತು. ಅಷ್ಟನ್ನೇ ಬರೆದು ತಂದಿದ್ದೇನೆ. ಆದರೆ ಬರೆದು ತಂದದ್ದನ್ನು ಬಿಟ್ಟು ಪಕ್ಕದ ದಾರಿಗೆ ಇಳಿಯುವ ಚಾಳಿಯೂ ನನಗಿದೆ. ಇದು ನಿದ್ರೆಯ ವಿಭಾಗದವರ ಸಭೆ. ಯಾರಾದರೂ ತೂಕಡಿಸಿದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಹೆಸರು ಬರೆದುಕೊಂಡು ಪರೀಕ್ಷೆಗೆ ಕಳಿಸಿ ಎಂದಷ್ಟೇ ಹೇಳುತ್ತೇನೆ.

ನಾನು ಸಿಟ್ಟಿನ ಮನುಷ್ಯ ಎಂಬುದು ಇಲ್ಲಿ ಹಲವರಿಗೆ ಗೊತ್ತು. ಈ ಸಭಾಂಗಣ ಹಿಂದೆ ಮಕ್ಕಳ ವಾರ್ಡ್ ಆಗಿದ್ದದ್ದು ನನಗೆ ನೆನಪಿದೆ. ಮಕ್ಕಳ ಹಾಸಿಗೆಗಳನ್ನು ನೆಲಮಾಳಿಗೆಗೆ ಇಳಿಸಿ ಇಲ್ಲಿ ಮೆತ್ತನೆಯ ಕುರ್ಚಿ ಹಾಕಿದಾಗ ಪತ್ರಿಕೆಗೆ ಪತ್ರ ಬರೆದವನು ನಾನು. ಲಿಫ್ಟ್ ಕೆಟ್ಟು ಹದಿನೇಳು ತಿಂಗಳಾದಾಗಲೂ ಬರೆದೆ. ಔಷಧಿ ಕೊಡುವ ಕಿಟಕಿಯನ್ನು ಗೂನು ಬೆನ್ನಿನವರಿಗೆ ಎಟುಕದಷ್ಟು ಎತ್ತರಕ್ಕೆ ಏರಿಸಿದಾಗಲೂ ಬರೆದೆ. ಉತ್ತರ ಬರಲಿಲ್ಲ. ಬಾರದ ಉತ್ತರಗಳಿಗೂ ನನ್ನಲ್ಲಿ ತಾರೀಖು ಸಮೇತ ಒಂದು ಫೈಲು ಇದೆ.

ಇವತ್ತಿನ ಆಹ್ವಾನ ಪತ್ರದಲ್ಲಿ ಹೀಗೆ ಅಚ್ಚಾಗಿದೆ: "ವೈಯಕ್ತಿಕ ಕಾರಣಗಳಿಂದ ಸ್ವಯಂ ನಿವೃತ್ತಿ ಪಡೆಯುತ್ತಿರುವ." ವೈಯಕ್ತಿಕ ಕಾರಣ ಎಂದರೆ ಏನು ಸ್ವಾಮಿ? ಇನ್ನೂ ಆರು ವರ್ಷ ಸೇವೆ ಇರುವ ಹೆಂಗಸು, ದಿನಕ್ಕೆ ಇಪ್ಪತ್ತು ರೋಗಿಗಳನ್ನು ನೋಡುವ ಹೆಂಗಸು, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ಒಬ್ಬಳೇ ನೋಡಿಕೊಳ್ಳುವ ಹೆಂಗಸು, ಇದ್ದಕ್ಕಿದ್ದಂತೆ ಕೆಲಸ ಸಾಕು ಎನ್ನುತ್ತಾಳೆಯೇ? ಸಾಕು ಎಂದವರು ಅವರಲ್ಲ. ವಿಚಾರಣಾ ಸಮಿತಿಯ ವರದಿಯಲ್ಲಿ, ಇಪ್ಪತ್ತೆರಡನೆಯ ಪುಟದಲ್ಲಿ, ಒಂದು ವಾಕ್ಯವಿದೆ. "ಉಸಿರಾಟದ ಯಂತ್ರದ ಒತ್ತಡವನ್ನು ವೈದ್ಯರು ಸೂಚಿಸಿದ ಹದಿನಾಲ್ಕರ ಬದಲು ಆರಕ್ಕೆ ಇಟ್ಟದ್ದು ತಂತ್ರಜ್ಞೆಯ ನಿರ್ಲಕ್ಷ್ಯ." ತಾವಾಗಿ ಹೋದರೆ ಬೀಳ್ಕೊಡುಗೆ, ಹೋಗದಿದ್ದರೆ ವಜಾ ಎಂದು ಅವರ ಮುಂದೆ ಎರಡು ಕಾಗದ ಇಟ್ಟರು. ಅವರು ಬೀಳ್ಕೊಡುಗೆಯ ಕಾಗದಕ್ಕೆ ಸಹಿ ಹಾಕಿದರು. ಅದಕ್ಕೇ ಈ ಹೂಗುಚ್ಛ, ಅದಕ್ಕೇ ಆ ಮೇಜಿನ ಮೇಲಿರುವ ಗೋಡೆ ಗಡಿಯಾರ. ಆದರೆ ಆ ವಾಕ್ಯ ವರದಿಯಲ್ಲೇ ಇರುತ್ತದೆ. ಅವರು ಇನ್ನೊಂದು ಆಸ್ಪತ್ರೆಯ ಬಾಗಿಲು ತಟ್ಟಿದರೆ ಆ ವಾಕ್ಯ ಅವರಿಗಿಂತ ಮೊದಲೇ ಒಳಗೆ ಹೋಗಿ ಕೂತಿರುತ್ತದೆ. ನಾನು ಇವತ್ತು ಮಾತನಾಡಲು ಒಪ್ಪಿಕೊಂಡದ್ದು ಆ ಒಂದು ವಾಕ್ಯ ಸುಳ್ಳು ಎಂದು ಹೇಳುವುದಕ್ಕೆ.

ಆ ಯಂತ್ರ ಯಾರದು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನನ್ನ ಅಣ್ಣನದು. ಅದನ್ನು ಮುಖಕ್ಕೆ ಕಟ್ಟಿಕೊಂಡೇ ಒಂದು ರಾತ್ರಿ ನಿದ್ರೆಯಲ್ಲಿ ತೀರಿಕೊಂಡವನು.

ಅಣ್ಣ ಲೇತ್ ಯಂತ್ರದ ಕೆಲಸಗಾರ, ನಿವೃತ್ತಿಯಾದ ಮೇಲೂ ಗುತ್ತಿಗೆಯ ಮೇಲೆ ಕಾರ್ಖಾನೆಗೆ ಹೋಗುತ್ತಿದ್ದ. ಕೂದಲೆಳೆಯ ಹತ್ತರಲ್ಲೊಂದು ಭಾಗದಷ್ಟು ವ್ಯತ್ಯಾಸವಾದರೂ ಬೆರಳಿನಲ್ಲೇ ಗುರುತಿಸುತ್ತಿದ್ದ. ಅಂಥವನು ಹಾಡಹಗಲು ಯಂತ್ರದ ಮುಂದೆ ನಿಂತುಕೊಂಡೇ ತೂಕಡಿಸಿ ಎಡಗೈಯ ಎರಡು ಬೆರಳ ತುದಿ ಕಳೆದುಕೊಂಡ. ಕುಡಿದಿದ್ದ ಎಂದು ಕಾರ್ಖಾನೆಯವರು ಬರೆದರು. ಅವನು ಜೀವನದಲ್ಲಿ ಕುಡಿದವನಲ್ಲ. ಕಾರ್ಖಾನೆಯ ವೈದ್ಯರು ಮಾತ್ರ ಬುದ್ಧಿವಂತರು, ರಾತ್ರಿ ಗೊರಕೆ ಹೊಡೀತೀರಾ ಎಂದು ಕೇಳಿದರು. ಅಣ್ಣ ನಕ್ಕುಬಿಟ್ಟ. "ನಾನು ಕೇಳಿಲ್ಲ ಡಾಕ್ಟ್ರೇ, ಬೀದಿಯೋರನ್ನ ಕೇಳಿ" ಎಂದ.

ಬೀದಿಯವರು ಬೇಡ, ನಾನೇ ಸಾಕು. ನಾನು ಮದುವೆಯಾದವನಲ್ಲ. ಅಣ್ಣ ಅತ್ತಿಗೆ ಕೆಳಗಿನ ಮನೆಯಲ್ಲಿ, ನಾನು ಅವರ ನೆತ್ತಿಯ ಮೇಲಿನ ಒಂಟಿ ಕೋಣೆಯಲ್ಲಿ. ಮೂವತ್ತು ವರ್ಷ ಆ ಗೊರಕೆಯ ಮೇಲೆ ಮಂಚ ಹಾಕಿಕೊಂಡು ಮಲಗಿದವನು ನಾನು. ಹೆದರಿಕೆಯಾಗುತ್ತಿದ್ದದ್ದು ಗೊರಕೆಗಲ್ಲ. ಅದು ನಿಲ್ಲುತ್ತಿತ್ತಲ್ಲ, ಆ ನಿಂತ ಹೊತ್ತು. ಒಂದು, ಎರಡು, ಹತ್ತು, ಇಪ್ಪತ್ತು ಎಂದು ಎಣಿಸುತ್ತಿದ್ದೆ. ಆಮೇಲೆ ಮುಳುಗುತ್ತಿದ್ದವನು ಮೇಲೆ ಬಂದ ಹಾಗೆ ಒಂದು ಏದುಸಿರು. ನಿದ್ರೆಯ ಪರೀಕ್ಷೆಯಲ್ಲಿ ಗಂಟೆಗೆ ಐವತ್ತೆಂಟು ಸಲ ಉಸಿರು ನಿಲ್ಲುತ್ತದೆ ಎಂದು ಬಂತು. ಮಲಗಿದಾಗ ಗಂಟಲಿನ ಹಿಂಭಾಗ ಸಡಿಲಾಗಿ ಮುಚ್ಚಿಕೊಳ್ಳುತ್ತದೆ, ಗಾಳಿಯ ಒತ್ತಡ ಕೊಟ್ಟು ಅದನ್ನು ತೆರೆದಿಡಬೇಕು, ಇವರಿಗೆ ಹದಿನಾಲ್ಕು ಬೇಕು ಎಂದು ಬರೆದು ಯಂತ್ರ ಕೊಟ್ಟರು. ಚಪ್ಪಲಿ ಡಬ್ಬಿಯಷ್ಟು ದೊಡ್ಡದು. ಒಂದು ಪೈಪು, ಒಂದು ಮಾಸ್ಕು, ತಲೆಗೆ ಕಟ್ಟುವ ಪಟ್ಟಿಗಳು, ಜೊತೆಗೊಂದು ದಪ್ಪ ಪುಸ್ತಕ. ಅದರಲ್ಲಿ ಉಸಿರಾಡುವುದನ್ನು ಕಲಿಸುವವರು ಯಾರು? ಅದು ಆಸ್ಪತ್ರೆಯ ಯಾವ ಆದೇಶದಲ್ಲೂ ಇಲ್ಲ. ಯಂತ್ರ ಕೊಟ್ಟು ಸಹಿ ಪಡೆದರೆ ಇವರ ಕೆಲಸ ಮುಗಿಯಿತು. ಹತ್ತು ಜನರಿಗೆ ಕೊಟ್ಟರೆ ಐದು ಯಂತ್ರ ಮಂಚದ ಕೆಳಗೆ ಧೂಳು ತಿನ್ನುತ್ತವೆ ಎಂದು ಈ ವಿಭಾಗದಲ್ಲಿರುವ ಎಲ್ಲರಿಗೂ ಗೊತ್ತು. ಗೊತ್ತಿದ್ದು, ಎದ್ದು ರೋಗಿಗಳ ಮನೆಗೆ ಹೋದವರು ಒಬ್ಬರೇ. ಅವರ ಬೀಳ್ಕೊಡುಗೆಗೆ ನಾವು ಸೇರಿದ್ದೇವೆ.

ಗಾಳಿ ಅಕ್ಕ ಭಾನುವಾರ, ತಮ್ಮ ರಜೆಯ ದಿನ, ತಮ್ಮ ಖರ್ಚಿನಲ್ಲಿ ರೋಗಿಗಳ ಮನೆಗೆ ಬರುತ್ತಿದ್ದರು. ಮೊದಲ ರಾತ್ರಿ ಅಣ್ಣ ಹತ್ತು ನಿಮಿಷಕ್ಕೆ ಮಾಸ್ಕ್ ಕಿತ್ತೆಸೆದಿದ್ದ. "ಓಡೋ ಬಸ್ಸಿನ ಕಿಟಕಿಗೆ ಮುಖ ಕೊಟ್ಟ ಹಾಗಾಗುತ್ತೆ, ಸಾಯಿಸ್ತಾರೆ ಇವರು" ಎಂದ. ಅಕ್ಕ ನಗಲಿಲ್ಲ, ಗದರಲಿಲ್ಲ. ಮಧ್ಯಾಹ್ನದ ಬೆಳಕಿನಲ್ಲಿ ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಪಟ್ಟಿ ಕಟ್ಟಲಿಲ್ಲ. "ಕೈಯಲ್ಲಿ ಹಿಡ್ಕೊಂಡಿರಿ ಅಣ್ಣ. ಬೇಡ ಅನ್ನಿಸಿದ ತಕ್ಷಣ ತೆಗೀಬಹುದು, ನಿಮ್ಮ ಕೈಯಲ್ಲೇ ಇದೆಯಲ್ಲ" ಎಂದರು. "ಬಾಯಿ ಮುಚ್ಚಿ. ಗಾಳೀನ ತಳ್ಳೋಕೆ ಹೋಗ್ಬೇಡಿ. ಅದೂ ನಿಮ್ಮನ್ನ ತಳ್ತಿಲ್ಲ. ಬಾಗಿಲು ಮುಚ್ಕೊಳ್ಳದ ಹಾಗೆ ಹಿಡ್ಕೊಂಡು ನಿಂತಿದೆ, ಅಷ್ಟೇ." ಐದು ನಿಮಿಷ. ಆಮೇಲೆ ಅತ್ತಿಗೆಯಿಂದ ಬಟಾಣಿ ಬುಟ್ಟಿ ಈಸಿಕೊಂಡು ಅವನ ಮಡಿಲಲ್ಲಿಟ್ಟು, ಸುಲೀರಿ ಎಂದರು. ಕೈಗೆ ಕೆಲಸ ಸಿಕ್ಕರೆ ಮೂಗು ತನ್ನ ಪಾಡಿಗೆ ತಾನು ಉಸಿರಾಡುತ್ತದೆ ಎಂಬುದು ಅವರ ಲೆಕ್ಕ. ಎಂಟು ಬೆರಳಿನವನು ಮಾಸ್ಕ್ ಹಾಕಿಕೊಂಡು ಬಟಾಣಿ ಸುಲಿಯುವುದನ್ನು ನೋಡಿ ಅತ್ತಿಗೆ, "ನನ್ನ ಗಂಡ ವಿಮಾನ ಓಡಿಸ್ಕೊಂಡೇ ಅಡುಗೆಗೂ ಸಹಾಯ ಮಾಡ್ತಾರೆ" ಎಂದರು. ಮೂರು ಭಾನುವಾರ ಹೀಗೇ ನಡೆಯಿತು. ಮೂಗಿನ ಮೇಲೆ ಗಾಯವಾದಾಗ ಹಳೆಯ ಬನಿಯನ್ನಿನ ಮೆತ್ತನೆಯ ಚೂರು ಕತ್ತರಿಸಿ ಒಳಗಿಟ್ಟರು. ಮೂರನೆಯ ವಾರಕ್ಕೆ ಅವನು ರಾತ್ರಿ ನಾಲ್ಕು ಗಂಟೆ ಹಾಕಿಕೊಳ್ಳುವ ಹಂತಕ್ಕೆ ಬಂದಿದ್ದ. ಹನ್ನೊಂದು ವರ್ಷದಿಂದ ಅಡುಗೆಮನೆಯಲ್ಲಿ ಮಲಗುತ್ತಿದ್ದ ಅತ್ತಿಗೆ ಮತ್ತೆ ಕೋಣೆಗೆ ಹಾಸಿಗೆ ತಂದುಕೊಂಡರು.

ಈಗ ಸಮಿತಿಯ ಮಹನೀಯರ ಕಡೆಗೆ ತಿರುಗುತ್ತೇನೆ.

ನೀವು ನೂರ ಹತ್ತು ಪುಟದ ವರದಿ ಬರೆದಿರಿ. ನಿಮ್ಮದೇ ವರದಿಯ ಅನುಬಂಧವನ್ನು ನೀವು ಓದಿದಿರಾ? ನಾನು ಅರ್ಜಿ ಹಾಕಿ, ಮೂರು ಸಲ ಅಲೆದು, ಪ್ರತಿ ಪಡೆದು ಓದಿದೆ. ಯಂತ್ರದೊಳಗೆ ಒಂದು ಕಾರ್ಡು ಇರುತ್ತದೆ, ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಮೊದಲ ಮೂರು ವಾರ ಒತ್ತಡ ಹದಿನಾಲ್ಕೇ ಇದೆ. ಅಂದರೆ ತಂತ್ರಜ್ಞೆ ಸರಿಯಾಗಿಯೇ ಹೊಂದಿಸಿ ಕೊಟ್ಟಿದ್ದರು. ನಾಲ್ಕನೆಯ ಭಾನುವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಅದು ಆರಾಗಿದೆ. ಆಮೇಲೆ ಹನ್ನೊಂದು ವಾರ ಆರೇ. ಅನುಬಂಧದ ಐದನೆಯ ಪುಟ. ಇದನ್ನು ತೋರಿಸಿ ಗಾಳಿ ಅಕ್ಕ ನಿಮ್ಮೆದುರು ಹೇಳಿದರು: ಭಾನುವಾರ ವಿಭಾಗಕ್ಕೆ ಬೀಗ, ಆ ಭಾನುವಾರ ತಾಯಿಗೆ ಜ್ವರ, ನಾನು ಯಾರ ಮನೆಗೂ ಹೋಗಲಿಲ್ಲ ಎಂದು. ನೀವು ಏನು ಬರೆದಿರಿ? "ಅನುಮತಿಯಿಲ್ಲದೆ ಭಾನುವಾರಗಳಂದು ರೋಗಿಗಳ ಮನೆಗೆ ಹೋಗುವ ಅಭ್ಯಾಸ ಈಕೆಗೆ ಇತ್ತು. ಆದ್ದರಿಂದ ವಿವರಣೆ ನಂಬಲರ್ಹವಲ್ಲ." ಅವರ ಒಳ್ಳೆಯತನವನ್ನೇ ಸಾಕ್ಷಿಯಾಗಿ ಹಿಡಿದು ಅವರ ಕುತ್ತಿಗೆಗೆ ಕಟ್ಟಿದಿರಿ. ಇದಕ್ಕೆ ಏನೆನ್ನಬೇಕು? ಮೂರು ಜನ ಓದಿದವರು, ಮೂರು ತಿಂಗಳು ಕೂತು, ಒಂದು ತಾರೀಖನ್ನು ಓದಲಾರದೆ ಹೋದಿರಿ.

ನಿಮ್ಮ ವರದಿಯಲ್ಲಿ ಅದಕ್ಕೊಂದು ಆಧಾರವನ್ನೂ ಕೊಟ್ಟಿದ್ದೀರಿ, ನಿಜ. "ಮೃತರ ತಮ್ಮನ ಹೇಳಿಕೆಯಂತೆ, ಈಕೆ ಭಾನುವಾರಗಳಂದು ಮನೆಗೆ ಬರುತ್ತಿದ್ದರು ಮತ್ತು ಯಂತ್ರವನ್ನು ಮುಟ್ಟುತ್ತಿದ್ದರು."

ಆ ತಮ್ಮ ನಾನು.

ನನ್ನನ್ನು ಕೇಳಿದ್ದು ಅಷ್ಟೇ. ಬರುತ್ತಿದ್ದರಾ? ಬರುತ್ತಿದ್ದರು. ಮುಟ್ಟುತ್ತಿದ್ದರಾ? ಮುಟ್ಟುತ್ತಿದ್ದರು. ಎರಡು ಉತ್ತರ, ಎರಡರಲ್ಲೂ ಒಂದು ಅಕ್ಷರ ಸುಳ್ಳಿಲ್ಲ. ಆ ಒಂದು ಭಾನುವಾರ ಬಂದಿದ್ದರಾ ಎಂದು ಅವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಸಾಕ್ಷಿಯ ಕೆಲಸವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ.

ನೀರು ಇದ್ದರೆ ಕೊಡಿ.

ನಾನು ಬರೆದು ತಂದದ್ದರಲ್ಲಿ ಮುಂದಿನದು ಗಾಳಿ ಅಕ್ಕ ನನಗೆ ಉಸಿರಾಡುವುದನ್ನು ಕಲಿಸಿದ ವಿಷಯ. ಅದನ್ನು ಹೇಳುತ್ತೇನೆ. ಅಣ್ಣ ಹೋದ ಮೇಲೆ ನನಗೂ ಪರೀಕ್ಷೆ ಮಾಡಿದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಗಂಟಲೂ ಒಂದೇ. ನನಗೆ ಗಂಟೆಗೆ ನಲವತ್ತು, ಹನ್ನೊಂದರ ಒತ್ತಡ. ಆ ಹೊತ್ತಿಗೆ ವರದಿ ಬಂದಾಗಿತ್ತು. ಅಕ್ಕನಿಗೆ ಇನ್ನು ಮೂರು ತಿಂಗಳು ಮಾತ್ರ ಎಂದು ತೀರ್ಮಾನವಾಗಿತ್ತು. ವಿಭಾಗದಲ್ಲಿ ಬೇರೆ ತಂತ್ರಜ್ಞರಿಲ್ಲ. ನಾನು ಅವರ ಎದುರಿಗೇ ಹೋಗಿ ಕೂರಬೇಕಾಯಿತು.

ಮಾಸ್ಕ್ ಮುಖಕ್ಕೆ ಮುಟ್ಟಿದೊಡನೆ ಕಿತ್ತು ಮೇಜಿನ ಮೇಲಿಟ್ಟೆ. ಅಂಥದೇ ಒಂದು ಅಣ್ಣನ ಮುಖದ ಮೇಲೆ ಇದ್ದದ್ದನ್ನು ನೋಡಿದ್ದೆನಲ್ಲ. ಅವತ್ತು ಬೆಳಗ್ಗೆ ಅತ್ತಿಗೆ ಕೂಗಿದಾಗ ಇಳಿದು ಓಡಿದೆ. ಯಂತ್ರ ಉಸಿರಾಡುತ್ತಿತ್ತು. ಅಣ್ಣ ಉಸಿರಾಡುತ್ತಿರಲಿಲ್ಲ. ಪೈಪು ಬೆಚ್ಚಗಿತ್ತು. ಯಾರೋ ಅದನ್ನು ಆರಿಸಬೇಕಿತ್ತು, ನಾನೇ ಆರಿಸಿದೆ.

ಅಂಥ ಮಾಸ್ಕನ್ನು ನಾನು ಹೇಗೆ ಹಾಕಿಕೊಳ್ಳಲಿ? ನಾಲ್ಕು ಸಲ ಕಿತ್ತೆ. ಅಕ್ಕ ನಾಲ್ಕು ಸಲವೂ ಅದನ್ನು ಒರೆಸಿ ಮತ್ತೆ ನನ್ನ ಕೈಗೆ ಕೊಟ್ಟರು. ನನ್ನ ಮಡಿಲಿಗೆ ಬಟಾಣಿ ಕೊಡಲಿಲ್ಲ, ಅವತ್ತಿನ ಪತ್ರಿಕೆ ಕೊಟ್ಟರು. "ತಪ್ಪು ಹುಡುಕ್ತಾ ಇರಿ ಸರ್, ನಿಮಗೆ ಅದು ಇಷ್ಟ" ಎಂದರು. ಮೊದಲ ಪುಟದಲ್ಲಿ ಒಂಬತ್ತು ತಪ್ಪು ಸಿಕ್ಕವು. ಹತ್ತನೆಯದನ್ನು ಹುಡುಕುವಾಗ ನೋಡುತ್ತೇನೆ, ಅರ್ಧ ಗಂಟೆಯಿಂದ ಆರಾಮಾಗಿ ಉಸಿರಾಡುತ್ತಿದ್ದೇನೆ. ಮರುವಾರ ಪಟ್ಟಿ ಕಟ್ಟಿದರು. ಅದರ ಮರುವಾರ ಹಗಲಲ್ಲೇ ಮಲಗಿಸಿದರು. "ಉಸಿರು ಬಿಡೋದು ನಿಧಾನ ಮಾಡಿ ಸರ್. ತಗೊಳ್ಳೋದು ಅದರ ಪಾಡಿಗೆ ಬರುತ್ತೆ." ನನಗೆ ಅರವತ್ತಾರು ವರ್ಷ. ನೆನಪಿರುವಷ್ಟು ಕಾಲದಿಂದ ಬೆಳಗ್ಗೆ ಎದ್ದಾಗ ತಲೆ ಮರಳು ಮೂಟೆಯಂತಿರುತ್ತಿತ್ತು. ಈಗ ಇಲ್ಲ. ಈಗ ನಾನು ರಾತ್ರಿ ಏಳು ಗಂಟೆ ಒಂದೇ ಮಗ್ಗುಲಲ್ಲಿ ಮಲಗುತ್ತೇನೆ. ನನಗೆ ನಿದ್ರೆ ಬರುತ್ತದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಬರುತ್ತದೆ.

ಅಲ್ಲೇ, ಎರಡನೆಯ ವಾರವೋ ಮೂರನೆಯದೋ, ಯಂತ್ರದ ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ ತೊಳೆಯುತ್ತಾ, ನನ್ನ ಕಡೆ ತಿರುಗದೆ ಅವರು ಕೇಳಿದರು. "ಸರ್, ಆ ಭಾನುವಾರ ನಿಮ್ಮನೆಗೆ ಬೇರೆ ಯಾರಾದ್ರೂ ಬಂದಿದ್ರಾ? ಯಂತ್ರ ಗೊತ್ತಿರೋರು?"

"ಗೊತ್ತಿಲ್ಲಮ್ಮ" ಎಂದೆ.

"ಸರಿ ಸರ್" ಎಂದರು. ಡಬ್ಬಿಗೆ ನೀರು ತುಂಬಿ ಹಾಕಿದರು. ಮಾಸ್ಕನ್ನು ನನ್ನ ಮುಖಕ್ಕೆ ಹೊಂದಿಸಿ, ಎಡಗಿವಿಯ ಹತ್ತಿರ ಪಟ್ಟಿ ಬಿಗಿಯಾಗಿದೆಯೇ ಎಂದು ಬೆರಳು ಹಾಕಿ ನೋಡಿದರು. ಅವರಿಗೆ ಆ ಹೊತ್ತಿಗೇ ಗೊತ್ತಿತ್ತು. ನನ್ನ ಮುಖದ ಮೇಲೆ ಅವರ ಕೈ ಇತ್ತು, ಗೊತ್ತಾಗದೆ ಇರುತ್ತದೆಯೇ?

ಸಭಿಕರೇ, ಇದಾದ ಮೇಲೆ ನಾನು ಬರೆದು ತಂದಿರುವುದು ಹೀಗಿದೆ: "ಹಾಗಾದರೆ ಒತ್ತಡ ತಾನಾಗಿಯೇ ಇಳಿಯಿತೇ? ಯಂತ್ರದ ದೋಷವಿರಬಾರದೇಕೆ? ತಯಾರಿಸಿದವರನ್ನು ಸಮಿತಿ ಯಾಕೆ ಕೇಳಲಿಲ್ಲ?" ಒಳ್ಳೆಯ ವಾಕ್ಯಗಳು. ನಿನ್ನೆ ಎರಡು ಸಲ ತಿದ್ದಿದ್ದೇನೆ. ಇದನ್ನು ಓದಿ, ಚಪ್ಪಾಳೆ ಪಡೆದು, ಟೀ ಕುಡಿದು ಹೋಗಬೇಕೆಂದೇ ಬಂದವನು ನಾನು. ಅಕ್ಕನ ಹೆಸರು ಉಳಿಯುತ್ತದೆ, ಯಾರ ಹೆಸರೂ ಕೆಡುವುದಿಲ್ಲ ಎಂದು ಯೋಚಿಸಿದ್ದೆ. ಆದರೆ ಇದನ್ನು ಓದಲಾರೆ. ಯಂತ್ರ ಕೆಟ್ಟಿರಲಿಲ್ಲ. ಈ ಹಾಳೆಯನ್ನು ಇಲ್ಲಿಗೆ ಮಡಚುತ್ತೇನೆ.

ಆ ನಾಲ್ಕನೆಯ ಭಾನುವಾರ ಅಕ್ಕ ಬರಲಿಲ್ಲ. ಅಣ್ಣನಿಗೆ ಹಿಂದಿನ ರಾತ್ರಿ ನಿದ್ರೆಯಿರಲಿಲ್ಲ, ಗಾಳಿ ಹೊಟ್ಟೆಗೆ ಹೋಗಿ ಉಬ್ಬರಿಸಿತ್ತು. ಮಾಸ್ಕನ್ನು ನನ್ನ ಕಡೆಗೆ ಎಸೆದು, "ಲೋ ಪಂಡಿತ, ಪ್ರಪಂಚದ ಪುಸ್ತಕವೆಲ್ಲ ಓದ್ತೀಯ. ಈ ಗಾಳಿ ಕಮ್ಮಿ ಮಾಡೋದು ಅದರಲ್ಲಿ ಬರೆದಿಲ್ವೇನೋ?" ಎಂದ.

ಬರೆದಿರಲಿಲ್ಲ. ರೋಗಿಯ ಪುಸ್ತಕದಲ್ಲಿ ಒತ್ತಡದ ವಿಷಯವೇ ಇಲ್ಲ, ವೈದ್ಯರನ್ನು ಕೇಳಿ ಎಂದಿದೆ. ಆದರೆ ನಾನು ಓದಿಕೊಂಡವನು. ತಂತ್ರಜ್ಞರಿಗೆಂದು ಮಾಡಿದ ಬೇರೆ ಪುಸ್ತಕವನ್ನು ಹುಡುಕಿ ತೆಗೆದೆ. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಒತ್ತಡದ ಅಳತೆಗಳ ಪಟ್ಟಿ ಪರದೆಯ ಮೇಲೆ ತೆರೆಯುತ್ತದೆ ಎಂದು ಅದರಲ್ಲಿತ್ತು. ಒತ್ತಿ ಹಿಡಿದೆ. ತೆರೆಯಿತು. ನಾಲ್ಕರಿಂದ ಇಪ್ಪತ್ತರವರೆಗೆ ಇತ್ತು. ಆರಕ್ಕೆ ಇಟ್ಟೆ. ಆರರಿಂದ ಶುರುಮಾಡಿ ವಾರಕ್ಕೊಂದರಂತೆ ಏರಿಸೋಣ, ಅವನಿಗೆ ಗೊತ್ತೇ ಆಗುವುದಿಲ್ಲ ಎಂದು ನನ್ನ ಯೋಜನೆ. ಒಂದು ಚೀಟಿಯಲ್ಲಿ ಬರೆದೂ ಇಟ್ಟೆ.

ಅಣ್ಣ ಹಾಕಿಕೊಂಡು ನೋಡಿದ. ಕಣ್ಣು ಮುಚ್ಚಿ ಎರಡು ನಿಮಿಷ ಉಸಿರಾಡಿದ. ಆಮೇಲೆ ಹೆಬ್ಬೆರಳು ಎತ್ತಿ ತೋರಿಸಿ, "ಇದಪ್ಪ ಉಸಿರು ಅಂದ್ರೆ. ಓದಿದ್ದಕ್ಕೂ ಸಾರ್ಥಕ" ಎಂದ. ನನ್ನ ಓದನ್ನು ಅವನು ಹೊಗಳಿದ್ದು ಅದೇ ಮೊದಲು.

ನಮ್ಮ ಅಚ್ಚಿನ ಮನೆಯಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಪ್ರೂಫಿನ ಮೇಲೆ ಕಣ್ಣಿಡಬೇಕು. ಅಲ್ಪವಿರಾಮ ಬದಲಿಸಿದರೂ ಬದಲಿಸಿದವನು ಅಂಚಿನಲ್ಲಿ ಸಹಿ ಹಾಕಬೇಕು. ನನ್ನ ಮೊದಲ ವಾರದಲ್ಲಿ ಸಹಿಯಿಲ್ಲದೆ ಒಂದು ಪದ ತಿದ್ದಿದ್ದಕ್ಕೆ ನಮ್ಮ ಹಿರಿಯರು ನನ್ನನ್ನು ಮೂರು ದಿನ ಕಸ ಗುಡಿಸಲು ಹಾಕಿದ್ದರು. ಪದ ಸರಿಯಾಗಿಯೇ ಇತ್ತು. "ಸರಿಯೋ ತಪ್ಪೋ ಆಮೇಲೆ. ಯಾರು ಮುಟ್ಟಿದ್ದು ಅಂತ ನನಗೆ ಗೊತ್ತಾಗ್ಬೇಕು" ಎಂದಿದ್ದರು. ನಲವತ್ತೊಂದು ವರ್ಷ ಆ ಪದ್ಧತಿ ಮೀರದವನು, ಅಣ್ಣನ ಉಸಿರಿನ ಅಳತೆಯನ್ನು ಯಾರಿಗೂ ಓದಿ ಹೇಳದೆ, ಯಾರಿಗೂ ತೋರಿಸದೆ ಬದಲಿಸಿದೆ. ಅಕ್ಕನಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಿದರೆ ಬೇಡ ಎನ್ನುತ್ತಾರೆ ಎಂದು ಗೊತ್ತಿತ್ತು. ಮುಂದಿನ ವಾರ ಅವರು ಬರುತ್ತೇನೆಂದಾಗ, "ಅಣ್ಣನಿಗೆ ಚೆನ್ನಾಗಿ ಅಭ್ಯಾಸವಾಗಿದೆ, ನಿಮಗೆ ತೊಂದರೆ ಬೇಡ" ಎಂದವನೂ ನಾನೇ.

ಏರಿಸಿದೆನೇ? ಇಲ್ಲ. ಮೊದಲ ವಾರ, ಪಾಪ ಆರಾಮಾಗಿದ್ದಾನೆ, ಇರಲಿ ಎಂದುಕೊಂಡೆ. ಎರಡನೆಯ ವಾರ ಮರೆತೆ. ಮೂರನೆಯ ವಾರ ಗೊರಕೆ ಮತ್ತೆ ನೆಲ ದಾಟಿ ಮೇಲೆ ಬಂತು. ನಿಲ್ಲುವುದೂ ಬಂತು. ನಾನು ಎಣಿಸಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡೆ.

ಅತ್ತಿಗೆ, ಇನ್ನು ಮುಂದಿನದು ನಿಮಗೆ.

ನೀವು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು ಕೇಳಿದಿರಿ. "ಮತ್ತೆ ಶುರುವಾಗಿದೆ ಕಣಪ್ಪ. ಆ ಅಕ್ಕನಿಗೆ ಒಂದು ಮಾತು ಹೇಳೋಣ್ವಾ?" ಎಂದಿರಿ. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. "ಅಭ್ಯಾಸ ಆಗೋಕೆ ಮೂರು ತಿಂಗಳು ಬೇಕು ಅಂತ ಬರೆದಿದೆ ಅತ್ತಿಗೆ" ಎಂದೆ. ಬರೆದಿದ್ದೇನೋ ನಿಜ. ನೀವು ನಂಬಿದಿರಿ. ನಾನು ಓದಿದವನು, ನೀವು ಹೆಚ್ಚು ಓದಿಲ್ಲ ಎಂದು ನಂಬಿದಿರಿ. ಕೆಳಗೆ ಹೋಗಿ ಮತ್ತೆ ಅಡುಗೆಮನೆಯಲ್ಲಿ ಹಾಸಿಕೊಂಡಿರಿ.

ಅವನು ಹೋದ ಮೇಲೆ ನೀವು ಆಸ್ಪತ್ರೆಗೆ ಕೊಡಲು ಅರ್ಧ ಪುಟ ಬರೆದಿರಿ. "ನಮ್ಮ ಮನೆಯವರು ಯಂತ್ರ ಹಾಕಿಕೊಂಡಿದ್ದರೂ ಯಾಕೆ ತೀರಿಕೊಂಡರು ಎಂದು ದಯವಿಟ್ಟು ತಿಳಿಸಿ." ನೀವು ಕೇಳಿದ್ದು ಅಷ್ಟೇ. ಅದನ್ನು ತಿದ್ದಿಕೊಡು ಎಂದಿರಿ. ತಿದ್ದಿದೆ. "ಹೊಣೆಗಾರರ ಮೇಲೆ ಕಠಿಣ ಕ್ರಮ ಜರುಗಿಸಬೇಕು" ಎಂಬ ವಾಕ್ಯ ನಿಮ್ಮದಲ್ಲ, ನನ್ನದು. ಆಗ ನನಗೆ ವಿಪರೀತ ಸಿಟ್ಟು ಬಂದಿತ್ತು. ಆಸ್ಪತ್ರೆಯ ಮೇಲೆ, ವೈದ್ಯರ ಮೇಲೆ, ಯಂತ್ರದ ಮೇಲೆ, ಎಲ್ಲರ ಮೇಲೆ. ಅಷ್ಟೊಂದು ಸಿಟ್ಟು ಯಾಕೆ ಬೇಕಾಗಿತ್ತು ಎಂದು ಈಗ ಗೊತ್ತಾಗುತ್ತದೆ. ನಿಮ್ಮ ಹೆಬ್ಬೆರಳಷ್ಟು ಸಣ್ಣ ಪ್ರಶ್ನೆಯನ್ನು ನಾನು ದೂರು ಮಾಡಿದೆ. ಆ ದೂರು ಹೋಗಿ ಈ ಹೆಂಗಸಿನ ಕೆಲಸ ತಿಂದಿತು.

ಹಿರಿಯ ವೈದ್ಯರು ಒಮ್ಮೆ ಹೇಳಿದ್ದರು, ಹೃದಯ ಮೊದಲೇ ದುರ್ಬಲವಾಗಿತ್ತು, ಹದಿನಾಲ್ಕು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಖಚಿತವಾಗಿ ಹೇಳಲಾಗದು ಎಂದು. ಇರಬಹುದು. ಆ ಮಾತನ್ನು ಎಷ್ಟು ತಿಂಗಳು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ ಎಂದು ನನಗೇ ಗೊತ್ತು. ಆದರೆ ಆ ಹನ್ನೊಂದು ವಾರ ಅವನು ದಿನವೂ ತಪ್ಪದೆ ಮಾಸ್ಕ್ ಕಟ್ಟಿಕೊಂಡ. ಒಂದು ರಾತ್ರಿಯೂ ಬಿಡಲಿಲ್ಲ, ಕಾರ್ಡಿನಲ್ಲಿದೆ. ತನಗೆ ಚಿಕಿತ್ಸೆ ಸಿಗುತ್ತಿದೆ ಎಂದು ನಂಬಿ ಕಟ್ಟಿಕೊಂಡ. ಇದಕ್ಕೆ ಯಾವ ಹೃದಯದ ದೌರ್ಬಲ್ಯವೂ ಸಮಜಾಯಿಷಿಯಲ್ಲ.

ಅಧ್ಯಕ್ಷರೇ, ತಾವು ಗಡಿಯಾರ ನೋಡುತ್ತಿದ್ದೀರಿ. ಐದು ನಿಮಿಷ ಎಂದೋ ಮುಗಿದಿದೆ. ಇನ್ನೊಂದೇ ವಾಕ್ಯ, ಅದನ್ನು ಈ ಸಭೆಯ ನಡಾವಳಿಯಲ್ಲಿ ಬರೆದುಕೊಳ್ಳಬೇಕೆಂದು ಗುಮಾಸ್ತರನ್ನು ಕೇಳಿಕೊಳ್ಳುತ್ತೇನೆ. ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ. "ಸದರಿ ಯಂತ್ರದ ಒತ್ತಡವನ್ನು ಹದಿನಾಲ್ಕರಿಂದ ಆರಕ್ಕೆ ಇಳಿಸಿದವನು ಮೃತರ ತಮ್ಮನಾದ ನಾನು. ತಂತ್ರಜ್ಞೆಗೆ ಆಗ ಇದು ತಿಳಿದಿರಲಿಲ್ಲ." ಬರೆದಿರಾ? ಓದಿ ಹೇಳಬೇಡಿ, ಇಲ್ಲಿಗೆ ಬಂದು ತೋರಿಸಿ. ಸಹಿ ಹಾಕಿ ಕೊಡುತ್ತೇನೆ. ಇದರಿಂದ ನನ್ನ ಮೇಲೆ ಏನು ಕ್ರಮವಾಗಬೇಕೋ ಆಗಲಿ. ಸಮಿತಿಯ ಮಹನೀಯರೇ, ನಿಮ್ಮನ್ನು ಬೈದದ್ದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನೀವು ಓದಬೇಕಿತ್ತು. ಆದರೆ ನೀವು ಓದದೆ ಇದ್ದದ್ದು ನನಗೆ ಅನುಕೂಲವಾಗಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು.

ಗಾಳಿ ಅಕ್ಕ, ನಿಮ್ಮಲ್ಲಿ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು "ಸರಿ ಸರ್" ಎನ್ನುತ್ತೀರಿ. ನಿಮ್ಮಿಂದ ಆ ಮಾತನ್ನು ಇನ್ನೊಮ್ಮೆ ಹೇಳಿಸುವ ಹಕ್ಕು ನನಗಿಲ್ಲ. ಇವರು ಮೇಜಿನ ಮೇಲಿಟ್ಟಿರುವ ಗಡಿಯಾರವನ್ನು ಈಗಲೇ ತೆಗೆದುಕೊಳ್ಳಬೇಡಿ. ಮೊದಲು ಆ ವರದಿಯ ಪುಟ ಬದಲಾಗಲಿ.

ಅತ್ತಿಗೆ, ನಾನು ಈಗ ಈ ಮೂರು ಮೆಟ್ಟಿಲು ಇಳಿದು ನಿಮ್ಮ ಸಾಲಿನ ಕಡೆಗೆ ಬರುತ್ತೇನೆ. ನೀವು ಅಲ್ಲೇ ಕೂತಿರಬೇಕೆಂದೇನೂ ಇಲ್ಲ. ಮನೆಯ ಬೀಗದ ಕೈ ನಿಮ್ಮ ಹತ್ತಿರವೇ ಇದೆ.

ಇಷ್ಟು ಹೊತ್ತು ನಡುವೆ ಎದ್ದು ಹೋಗದೆ ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.